ಗಣಿತದ ಮೇಷ್ಟ್ರ ಕಪಾಟು ಖಾಲಿ ಮಾಡುವ ಮುಂಚೆ

ಮುಂಬಯಿ ಮತ್ತು ಪುಣೆಯ ವಿಶ್ವವಿದ್ಯಾಲಯಗಳ ಕುಲಪತಿಗಳಿಗೆ, ಕಾಲೇಜುಗಳ ಪ್ರಾಂಶುಪಾಲರಿಗೆ, ಗಣಿತ ವಿಭಾಗದ ಮುಖ್ಯಸ್ಥರಿಗೆ, ಗ್ರಂಥಪಾಲಕರಿಗೆ

ಮಾನ್ಯರೇ,

ನಾನು ಗಣಿತ ಓದಿದವಳಲ್ಲ. ಮುಂಬಯಿ ಉಪನಗರದ ಒಂದು ಕಾಲೇಜಿನ ಲೈಬ್ರರಿಯಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತಳಾದೆ. ಊರು ಕುಂದಾಪುರದ ಕಡೆ, ಮನೆ ಡೊಂಬಿವಲಿ. ಪುಸ್ತಕಕ್ಕೆ ನಂಬರ್ ಹಾಕುವುದು, ಧೂಳು ಹೊಡೆಯುವುದು, ಮಳೆಗಾಲದಲ್ಲಿ ಗೋಡೆ ಪಕ್ಕದ ರ‍್ಯಾಕ್ ಸರಿಸುವುದು ನನ್ನ ಕೆಲಸವಾಗಿತ್ತು. ಈ ಪತ್ರದ ಮರಾಠಿ ಮತ್ತು ಇಂಗ್ಲಿಷ್ ಪ್ರತಿಗಳನ್ನು ನಿಮ್ಮಲ್ಲಿ ಕೆಲವರ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಕನ್ನಡದಲ್ಲೂ ಬರೆಯುತ್ತಿರುವುದಕ್ಕೆ ಕಾರಣ ಇದೆ. ನಿಮ್ಮ ಕಾಲೇಜುಗಳಲ್ಲಿ ಗಣಿತ ಹೇಳಿಕೊಟ್ಟ ಕನ್ನಡದವರು ಕಡಿಮೆ ಏನಿಲ್ಲ. ಅವರ ಮನೆಯವರೂ ಇದನ್ನು ಓದಬೇಕು.

ನಡೆದದ್ದು ಇಷ್ಟು. ನಮ್ಮ ಕಾಲೇಜಿನಲ್ಲಿ ಗಣಿತದ ಪ್ರೊಫೆಸರ್ ಒಬ್ಬರಿದ್ದರು. ಧಾರವಾಡದ ಕಡೆಯವರು. ನಿವೃತ್ತಿಯಾದ ಮೇಲೂ ವಾರಕ್ಕೆ ಎರಡು ದಿನ ಬರುತ್ತಿದ್ದರು. ವಿಭಾಗದ ಮೂಲೆಯಲ್ಲಿ ಅವರಿಗೆ ಎರಡು ಸ್ಟೀಲ್ ಕಪಾಟು, ಒಂದು ಮೇಜು. ಅವರು ಕಾಗದ ಎಸೆಯುವವರೇ ಅಲ್ಲ. ಒಂದು ಸಲ ಲೈಬ್ರರಿಯ ಮೇಜಿನ ಮೇಲೆ ಅವರು ಮರೆತು ಹೋದ ಚೀಟಿಗಳನ್ನು ನಾನು ಕಸದ ಬುಟ್ಟಿಗೆ ಹಾಕಲು ಹೊರಟಿದ್ದೆ. ವಾಪಸ್ ಓಡಿ ಬಂದರು. 'ಬಾಯಾರ, ಕಸದಾಗ ಹಾಕಬ್ಯಾಡ್ರಿ, ಇದರಾಗ ನನ್ನ ತಪ್ಪು ಅದಾವ' ಅಂದರು. ಉತ್ತರ ಇರುವ ಕಾಗದ ಬೇಕು ಅನ್ನುವವರನ್ನು ನೋಡಿದ್ದೆ. ತಪ್ಪು ಇರುವ ಕಾಗದ ಬೇಕು ಅಂದವರು ಇವರೊಬ್ಬರೇ.

ಒಂದು ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು. ರಜೆ ಮುಗಿಸಿ ಜೂನ್‌ನಲ್ಲಿ ನಾನು ಹೋದಾಗ ಆ ಮೂಲೆಯಲ್ಲಿ ಕಪಾಟು ಇರಲಿಲ್ಲ. ನೆಲದ ಮೇಲೆ ಅದರ ಕಾಲಿನ ತುಕ್ಕಿನ ಗುರುತು ಮಾತ್ರ ಇತ್ತು. ಕಂಪ್ಯೂಟರ್ ಇಡಲು ಜಾಗ ಬೇಕಾಗಿತ್ತಂತೆ. 'ಶನಿವಾರ ರದ್ದಿಯವನು ಬಂದಿದ್ದ, ಹನ್ನೊಂದು ಗೋಣಿ ಆಯ್ತು' ಅಂದ ಪ್ಯೂನ್. ಅವನದೇನೂ ತಪ್ಪಿಲ್ಲ. ಅವನಿಗೆ ಹೇಳಿದ್ದನ್ನು ಅವನು ಮಾಡಿದ.

ಊಟದ ಬಿಡುವಿನಲ್ಲಿ ಸ್ಟೇಷನ್ ಹಿಂದಿನ ರದ್ದಿ ಅಂಗಡಿಗೆ ಹೋದೆ. ಒಂಬತ್ತು ಗೋಣಿ ಆಗಲೇ ಭಿವಂಡಿಯ ಗೋದಾಮಿಗೆ ಹೋಗಿತ್ತು. ಎರಡು ಉಳಿದಿದ್ದವು. ಮೊದಲ ಮಳೆಗೆ ನೆಂದಿದ್ದರಿಂದ ಅವನಿಗೆ ಅವು ಬೇಡವಾಗಿದ್ದವು. ಕಿಲೋ ಲೆಕ್ಕದಲ್ಲೇ ದುಡ್ಡು ಕೊಟ್ಟು ಆಟೋದಲ್ಲಿ ಹಾಕಿಕೊಂಡು ಬಂದೆ. ಮನೆಯಲ್ಲಿ ಬಟ್ಟೆ ಒಣಗಿಸುವ ಹಗ್ಗದ ಮೇಲೆ ಹಾಳೆ ಹಾಳೆಯಾಗಿ ಹರವಿ, ಫ್ಯಾನ್ ಹಾಕಿ ಒಣಗಿಸಿದೆವು. ಒಂದು ವಾರ ನಮ್ಮ ಮನೆಯವರು ತಲೆ ಬಗ್ಗಿಸಿಕೊಂಡೇ ಓಡಾಡಿದರು.

ಏನಿತ್ತು ಅದರಲ್ಲಿ? ಹಸಿರು ಫೈಲ್ ಒಂದು, ಲಾಡಿ ಕಟ್ಟಿದ್ದು. ಒಳಗೆ ಸೈಕ್ಲೋಸ್ಟೈಲ್ ಮಾಡಿದ ಪಾಠದ ಟಿಪ್ಪಣಿ. ಅಂಚಿನಲ್ಲಿ ಪೆನ್ಸಿಲ್‌ನಿಂದ ಕನ್ನಡದಲ್ಲಿ 'ಇಲ್ಲಿ ಕಾಲು ಜಾರಿದೆ' ಅಂತ ಬರೆದಿದ್ದರು. ಲೈಟ್ ಬಿಲ್‌ಗಳ ಹಿಂಭಾಗದಲ್ಲಿ ಒಂದೇ ಲೆಕ್ಕವನ್ನು ಏಳು ಸಲ ಬೇರೆ ಬೇರೆ ದಾರಿಯಲ್ಲಿ ಹಿಡಿದು, ಏಳು ಸಲವೂ ಅಡ್ಡಗೆರೆ ಎಳೆದಿದ್ದರು. ಕೊನೆಯ ಹಾಳೆಯಲ್ಲಿ ತಾರೀಕು, ಕೆಳಗೆ 'ಮತ್ತೆ ಅದೇ ಕಡೆ ಬಂದು ನಿಂತೆ' ಅಂತ ಒಂದು ಸಾಲು. ನೀಲಿ ಏರೋಗ್ರಾಮ್‌ನಲ್ಲಿ ವಿದೇಶದ ಗಣಿತಜ್ಞರೊಬ್ಬರ ಉತ್ತರ ಇತ್ತು. ನಮ್ಮ ಸರ್ ಅವರಿಗೆ ಕೇಳಿದ ಪ್ರಶ್ನೆ ಏನು? ಅದರ ಕಾರ್ಬನ್ ಕಾಪಿ ಭಿವಂಡಿಗೆ ಹೋಯಿತು.

ಇನ್ನೊಂದು ನೋಟ್‌ಬುಕ್ ನೋಡಿ ನನಗೆ ಕಣ್ಣಲ್ಲಿ ನೀರು ಬಂತು. ಚಿಕ್ಕ ವಯಸ್ಸಿನಲ್ಲಿ ಅವರು ಕನ್ನಡ ರಾತ್ರಿ ಶಾಲೆಯಲ್ಲಿ ಪಾಠ ಮಾಡಿದ್ದರಂತೆ. ಹಗಲು ಹೋಟೆಲ್‌ನಲ್ಲಿ ಪ್ಲೇಟ್ ತೊಳೆದು ರಾತ್ರಿ ಓದುವ ಹುಡುಗರಿಗೆ. ಅವರಿಗೆಂದೇ ಮಾಡಿದ ಲೆಕ್ಕಗಳು ಅದರಲ್ಲಿದ್ದವು. 'ಒಂದು ಪಾತ್ರೆ ಹಿಟ್ಟಿಗೆ 180 ಇಡ್ಲಿ. ಪ್ಲೇಟಿಗೆ ಎರಡರಂತೆ 9 ಗಂಟೆಯ ಒಳಗೆ 64 ಪ್ಲೇಟ್ ಹೋಯಿತು. ಇನ್ನೆಷ್ಟು ಪ್ಲೇಟ್ ಬಾಕಿ?' ಮುಂಬಯಿ ಕನ್ನಡಿಗರ ಚರಿತ್ರೆ ಬರೆಯುವವರು ಈ ಪುಟವನ್ನು ಎಲ್ಲಿ ಹುಡುಕಬೇಕು? ಪುಸ್ತಕದ ಅಂಗಡಿಯಲ್ಲಂತೂ ಸಿಗುವುದಿಲ್ಲ.

ಮೇಲಿನವರ ಹತ್ತಿರ ಹೋಗಿ ಹೇಳಿದೆ. ಬೈಯಲಿಲ್ಲ, ಚಹಾ ಕೂಡ ಕೊಡಿಸಿದರು. 'ಅವರ ಪೇಪರ್‌ಗಳೆಲ್ಲ ಜರ್ನಲ್‌ನಲ್ಲಿ ಬಂದಿವೆಯಲ್ಲ, ಇದು ಬರೀ ರಫ್ ವರ್ಕ್ ಅಲ್ವಾ?' ಅಂದರು. ಆ ಮಾತಿಗೆ ಆವತ್ತು ನನ್ನಲ್ಲಿ ಉತ್ತರ ಇರಲಿಲ್ಲ. ಆಮೇಲೆ ನಾಲ್ಕು ವರ್ಷ ಓದಿದೆ, ಕೇಳಿದೆ. ಈಗ ಉತ್ತರ ಇದೆ.

ಮೊದಲೇ ಒಪ್ಪಿಕೊಳ್ಳುತ್ತೇನೆ. ನಮ್ಮ ಸರ್ ರಾಮಾನುಜನ್ ಅಲ್ಲ. ಆದರೆ ರಾಮಾನುಜನ್ ಕಾಗದಗಳಿಗಾದರೂ ಎಂಥ ಗತಿ ಬಂದಿತ್ತು ನೋಡಿ. 1920ರಲ್ಲಿ ಅವರು ತೀರಿಕೊಂಡ ಮೇಲೆ ಉಳಿದ ಹಾಳೆಗಳು ಮದರಾಸಿನಿಂದ ಇಂಗ್ಲೆಂಡಿನ ಗಣಿತಜ್ಞ ಹಾರ್ಡಿಗೆ ಹೋದವು. ಅವರಿಂದ ಜಿ. ಎನ್. ವ್ಯಾಟ್ಸನ್ ಕೈಸೇರಿದವು. ವ್ಯಾಟ್ಸನ್ 1965ರಲ್ಲಿ ಸತ್ತರು. ವ್ಯಾಟ್ಸನ್ ಬಗ್ಗೆ ಬರೆಯಬೇಕಿದ್ದ ಗಣಿತಜ್ಞ ಜೆ. ಎಂ. ವಿಟೇಕರ್ ಆ ಮನೆಗೆ ಹೋದಾಗ, ಕೋಣೆಯ ನೆಲದ ತುಂಬ ಒಂದು ಅಡಿ ಎತ್ತರಕ್ಕೆ ಕಾಗದ ಬಿದ್ದಿತ್ತು. ಇನ್ನು ಕೆಲವೇ ದಿನದಲ್ಲಿ ಸುಟ್ಟುಹಾಕುವವರಿದ್ದರು. ವಿಟೇಕರ್ ಸುಮ್ನೆ ಕೈ ಹಾಕಿ ಎತ್ತಿದಾಗ ರಾಮಾನುಜನ್ ಹಾಳೆಗಳು ಬಂದವು. 1968ರ ಕೊನೆಗೆ ಅವು ಕೇಂಬ್ರಿಡ್ಜ್‌ನ ಟ್ರಿನಿಟಿ ಕಾಲೇಜಿನ ರೆನ್ ಲೈಬ್ರರಿಗೆ ಸೇರಿದವು. ಅಲ್ಲೂ ಏಳು ವರ್ಷಕ್ಕೂ ಜಾಸ್ತಿ ಯಾರೂ ಗಮನಿಸಲಿಲ್ಲ. 1976ರಲ್ಲಿ ಅಮೆರಿಕದ ಗಣಿತಜ್ಞ ಜಾರ್ಜ್ ಆಂಡ್ರೂಸ್ ಪೆಟ್ಟಿಗೆ ತೆರೆದು ನೋಡಿದರು. ನೂರಕ್ಕೂ ಜಾಸ್ತಿ ಪುಟ, ಆರುನೂರಕ್ಕೂ ಜಾಸ್ತಿ ಸೂತ್ರ. ಅವನ್ನೆಲ್ಲ ಸಾಧಿಸಿ ತೋರಿಸಲು ಆಂಡ್ರೂಸ್ ಮತ್ತು ಬ್ರೂಸ್ ಬರ್ನ್ಟ್ ಐದು ಸಂಪುಟ ಬರೆಯಬೇಕಾಯಿತು. ಕೊನೆಯದು ಬಂದದ್ದು 2018ರಲ್ಲಿ.

ವ್ಯಾಟ್ಸನ್ ಸ್ವತಃ ರಾಮಾನುಜನ್ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ ಗಣಿತಜ್ಞ. ಅಂಥವರ ಮನೆಯಲ್ಲೇ ಹೀಗೆ. ವಿಟೇಕರ್ ಒಂದು ವಾರ ತಡವಾಗಿ ಹೋಗಿದ್ದರೆ?

'ಬರೀ ರಫ್ ವರ್ಕ್' ಎಂಬ ಮಾತಿಗೆ ಇನ್ನೊಂದು ಉದಾಹರಣೆ ಇದೆ. ಜರ್ಮನಿಯ ಗಣಿತಜ್ಞ ರೀಮಾನ್ 1859ರಲ್ಲಿ ಅವಿಭಾಜ್ಯ ಸಂಖ್ಯೆಗಳ ಮೇಲೆ ಬರೆದ ಲೇಖನ ಹತ್ತು ಪುಟದ ಆಸುಪಾಸು ಅಷ್ಟೇ. ಅದರಲ್ಲಿ ಅವನು ದೊಡ್ಡ ದೊಡ್ಡ ಮಾತು ಹೇಳಿ, ಹೇಗೆ ತಿಳಿಯಿತು ಅಂತ ಹೇಳದೇ ಬಿಟ್ಟಿದ್ದ. ಸುಮ್ಮನೆ ಊಹಿಸಿದ್ದಾನೆ ಅಂದುಕೊಂಡವರಿದ್ದರು. ಅವನ ಕರಡು ಹಾಳೆಗಳನ್ನು ಗಾಟಿಂಗೆನ್ ವಿಶ್ವವಿದ್ಯಾಲಯದ ಲೈಬ್ರರಿ ಇಟ್ಟುಕೊಂಡಿತ್ತು. ಅದನ್ನು ಓದಿ ಕಾರ್ಲ್ ಲುಡ್ವಿಗ್ ಸೀಗೆಲ್ 1932ರಲ್ಲಿ ತೋರಿಸಿದ್ದೇನು? ರೀಮಾನ್ ಕೈಯಲ್ಲೇ ಲೆಕ್ಕ ಹಾಕಿದ್ದ, ಅದಕ್ಕೆ ಒಂದು ಸೂತ್ರವನ್ನೇ ಕಂಡುಕೊಂಡಿದ್ದ. 73 ವರ್ಷ ಆ ಸೂತ್ರ ಬೇರೆ ಯಾರಿಗೂ ಗೊತ್ತಿರಲಿಲ್ಲ. ಈಗ ಅದಕ್ಕೆ ಇಬ್ಬರ ಹೆಸರೂ ಇದೆ. ಇದೇ ಸೀಗೆಲ್ ಮುಂದೆ ನಮ್ಮ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಬಂದು ಪಾಠ ಮಾಡಿದರು. ಆ ಪಾಠಗಳನ್ನು ಇಲ್ಲಿಯವರು ಬರೆದುಕೊಂಡು, ಟೈಪ್ ಮಾಡಿ, ಟಿಪ್ಪಣಿ ಪುಸ್ತಕವಾಗಿ ತಂದರು. ಇವತ್ತಿಗೂ ಜಗತ್ತಿನ ಎಲ್ಲೆಲ್ಲಿಯೋ ಅವನ್ನು ಓದುತ್ತಾರೆ.

ಅಂದರೆ ಈ ಊರಿಗೆ ಕಾಗದ ಕಾಯುವುದು ಗೊತ್ತಿಲ್ಲ ಅಂತ ನಾನು ಹೇಳುತ್ತಿಲ್ಲ. ರಾಮಾನುಜನ್ ನೋಟ್‌ಬುಕ್‌ಗಳನ್ನು ಅವರ ಕೈಬರಹದಲ್ಲೇ, ಇದ್ದದ್ದು ಇದ್ದ ಹಾಗೆ, ಎರಡು ಸಂಪುಟದಲ್ಲಿ 1957ರಲ್ಲಿ ಹೊರತಂದದ್ದು ಇದೇ ಟಾಟಾ ಸಂಸ್ಥೆ. ಹಳೆಯ ಕಾಗದಪತ್ರ ಕಾಯ್ದಿಡುವ ಆರ್ಕೈವ್ ಕೂಡ ಅದಕ್ಕೆ ತನ್ನದೇ ಇದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) 2019ರಲ್ಲಿ ಜೀವವಿಜ್ಞಾನಿಗಳ ಕಾಗದಪತ್ರ ಇಡಲು ಸಾರ್ವಜನಿಕರಿಗೂ ತೆರೆದ ಆರ್ಕೈವ್ ಶುರುವಾಯಿತು. ದೊಡ್ಡ ಮನೆಗಳು ತಮ್ಮದನ್ನು ನೋಡಿಕೊಳ್ಳುತ್ತವೆ. ನನ್ನ ದೂರು ಉಳಿದ ಕಾಲೇಜುಗಳದ್ದು. ಉಪನಗರದ, ಜಿಲ್ಲೆಯ, ಪಾಠ ಮಾಡಿಕೊಂಡೇ ಗಣಿತ ಮಾಡಿದವರ ಕಾಲೇಜುಗಳದ್ದು.

ಅಂಥವರಿಂದ ಏನು ಬರುತ್ತದೆ ಅನ್ನಬೇಡಿ. ಡಿ. ಆರ್. ಕಾಪ್ರೇಕರ್ ದೇವಳಾಲಿಯ ಶಾಲಾ ಮಾಸ್ತರು. ಓದಿದ್ದು ಪುಣೆಯ ಫರ್ಗುಸನ್ ಕಾಲೇಜಿನಲ್ಲಿ. ಅವರ 6174 ಇವತ್ತು ಎಲ್ಲ ಮಕ್ಕಳಿಗೂ ಆಟ. 3524 ತೆಗೆದುಕೊಳ್ಳಿ. ಅಂಕೆಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಅದರಿಂದ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ್ದನ್ನು ಕಳೆಯಿರಿ. 5432ರಲ್ಲಿ 2345 ಹೋದರೆ 3087. ಮತ್ತೆ ಹಾಗೇ ಮಾಡಿದರೆ 8352, ಮತ್ತೆ ಮಾಡಿದರೆ 6174. ಆಮೇಲೆ ಎಷ್ಟು ಸಲ ಮಾಡಿದರೂ ಅಲ್ಲೇ. ಕಾಪ್ರೇಕರ್ ಬರೆದದ್ದರಲ್ಲಿ ಎಷ್ಟೋ ಭಾಗ ಅವರೇ ದುಡ್ಡು ಹಾಕಿ ಅಚ್ಚು ಹಾಕಿಸಿದ ಸಣ್ಣ ಸಣ್ಣ ಪುಸ್ತಿಕೆಗಳಲ್ಲಿದೆ. 1975ರಲ್ಲಿ ಮಾರ್ಟಿನ್ ಗಾರ್ಡ್ನರ್ ಅಮೆರಿಕದ ಪತ್ರಿಕೆಯಲ್ಲಿ ಬರೆಯುವ ತನಕ ಇಲ್ಲಿ ಅವರನ್ನು ಅಷ್ಟಾಗಿ ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಆ ಪುಸ್ತಿಕೆ ನಿಮ್ಮ ಲೈಬ್ರರಿಯ ಯಾವುದೋ ಕಟ್ಟಿನಲ್ಲಿ ಈಗಲೂ ಇರಬಹುದು. ದಯವಿಟ್ಟು ಒಮ್ಮೆ ನೋಡಿ.

ಇನ್ನು ಕೋಸಂಬಿ. ದಾಮೋದರ ಧರ್ಮಾನಂದ ಕೋಸಂಬಿ ಗೋವಾದಲ್ಲಿ ಹುಟ್ಟಿದವರು, ಫರ್ಗುಸನ್‌ನಲ್ಲಿ ಪಾಠ ಮಾಡಿದವರು, 1945ರಿಂದ 1962ರ ತನಕ ಟಾಟಾ ಸಂಸ್ಥೆಯಲ್ಲಿದ್ದವರು. ಪುಣೆಯಿಂದ ಡೆಕ್ಕನ್ ಕ್ವೀನ್ ಹಿಡಿದು ಬಂದು ಹೋಗುತ್ತಿದ್ದರು. ಜನರಿಗೆ ಅವರು ಇತಿಹಾಸಕಾರ ಅಂತಲೇ ಜಾಸ್ತಿ ಗೊತ್ತು. 1931ರಲ್ಲಿ ಅವರು ಬೂರ್ಬಾಕಿ ಎಂಬ ಗಣಿತಜ್ಞನ ಪ್ರಮೇಯದ ಮೇಲೆ ಒಂದು ಲೇಖನ ಬರೆದರು. ಅಂಥ ಗಣಿತಜ್ಞ ಇರಲೇ ಇಲ್ಲ! ಅದು ಫ್ರಾನ್ಸ್‌ನ ಗಣಿತಜ್ಞ ಆಂದ್ರೆ ವೇಲ್ ಹೇಳಿಕೊಟ್ಟ ತಮಾಷೆ. ಮುಂದೆ ಫ್ರಾನ್ಸ್‌ನಲ್ಲಿ ಗಣಿತಜ್ಞರ ಒಂದು ಗುಂಪೇ ಅದೇ ಹೆಸರಲ್ಲಿ ಪುಸ್ತಕ ಬರೆಯಿತು. ಕೊನೆಯ ವರ್ಷಗಳಲ್ಲಿ ಕೋಸಂಬಿ ಎಸ್. ಡುಕ್ರೇ ಎಂಬ ಹೆಸರಿನಲ್ಲೂ ಗಣಿತದ ಲೇಖನ ಬರೆದರು. ಅಚ್ಚಾದ ಜರ್ನಲ್ ಒಂದನ್ನೇ ನಂಬಿದರೆ ಬೂರ್ಬಾಕಿ ಇದ್ದ, ಡುಕ್ರೇ ಬೇರೆ ಮನುಷ್ಯ. ನಿಜ ಏನು ಅಂತ ಗೊತ್ತಾಗುವುದು ಪತ್ರಗಳಿಂದ, ನೆನಪುಗಳಿಂದ. 'ಎಲ್ಲಾ ಜರ್ನಲ್‌ನಲ್ಲಿ ಬಂದಿದೆಯಲ್ಲ' ಅನ್ನುವವರಿಗೆ ನಾನು ಈಗ ಈ ಕತೆ ಹೇಳುತ್ತೇನೆ.

ಸಂಸ್ಥೆಯ ಕಾಗದಗಳೂ ಅಷ್ಟೇ. ಸಭೆಯ ನಡಾವಳಿ, ಸಿಲಬಸ್ ಬದಲಾದಾಗ ನಡೆದ ಜಗಳದ ಪತ್ರಗಳು, ಹಳೆಯ ಪ್ರಶ್ನೆಪತ್ರಿಕೆ, ಅತಿಥಿಗಳು ಸಹಿ ಹಾಕಿದ ರಿಜಿಸ್ಟರ್. ಭಾರತೀಯ ಗಣಿತ ಸಂಘ 1907ರಲ್ಲಿ ಶುರುವಾದಾಗ ಅದರ ಲೈಬ್ರರಿ ಇದ್ದದ್ದು ಪುಣೆಯ ಫರ್ಗುಸನ್ ಕಾಲೇಜಿನಲ್ಲಿ. ಯಾವ ಜರ್ನಲ್ ಯಾವ ವರ್ಷ ತರಿಸಿದರು, ಯಾರು ಎರವಲು ತೆಗೆದುಕೊಂಡರು ಎಂಬ ಒಂದು ಪುಸ್ತಕ ಸಿಕ್ಕರೂ ಸಾಕು, ಈ ದೇಶದಲ್ಲಿ ಯಾರು ಏನು ಓದಿ ಗಣಿತ ಕಲಿತರು ಎಂದು ತಿಳಿಯುತ್ತದೆ. ಎರವಲು ರಿಜಿಸ್ಟರ್‌ಗಳನ್ನು ನಾನೇ ನನ್ನ ಕೈಯಾರೆ ರದ್ದಿಗೆ ಹಾಕಿದ್ದೇನೆ. ಹತ್ತು ವರ್ಷಕ್ಕಿಂತ ಹಳೆಯದು ತೆಗೆಯಿರಿ ಅಂದಿದ್ದರು, ತೆಗೆದೆ. ಹಾಗಾಗಿ ಈ ದೂರಿನಲ್ಲಿ ನನ್ನ ಪಾಲೂ ಇದೆ.

ಕೇಂದ್ರ ಸರಕಾರದ ಕಚೇರಿಯ ದಾಖಲೆಗಳಿಗೆ 1993ರ ಸಾರ್ವಜನಿಕ ದಾಖಲೆಗಳ ಕಾನೂನು ಇದೆ. ಮನಸ್ಸಿಗೆ ಬಂದ ಹಾಗೆ ಸುಡುವಂತಿಲ್ಲ. ಮೇಷ್ಟ್ರ ಕಪಾಟಿಗೆ ಅಂಥ ಕಾವಲಿಲ್ಲ. ನಾನು ನೋಡಿದ ಮಟ್ಟಿಗೆ ಯಾರೂ ಬೇಕೆಂದು ಹಾಳು ಮಾಡುವುದಿಲ್ಲ. ಒಬ್ಬರು ತೀರಿಕೊಂಡ ಮೇಲೆ ಅವರ ಕೋಣೆ ಇನ್ನೊಬ್ಬರಿಗೆ ಹೋಗುವ ತನಕ ಕೆಲವು ವಾರ ಇರುತ್ತದಲ್ಲ, ಆ ಕೆಲವು ವಾರದಲ್ಲಿ ಕಾಗದ ಯಾರ ಜವಾಬ್ದಾರಿಯೂ ಆಗಿರುವುದಿಲ್ಲ. ಮನೆಯವರು ಕಾಲೇಜಿನವರು ನೋಡಿಕೊಳ್ಳುತ್ತಾರೆ ಅಂದುಕೊಳ್ಳುತ್ತಾರೆ. ಕಾಲೇಜಿನವರು ಮನೆಯವರು ಒಯ್ಯುತ್ತಾರೆ ಅಂದುಕೊಳ್ಳುತ್ತಾರೆ. ಕೊನೆಗೆ ರದ್ದಿಯವನು ಒಯ್ಯುತ್ತಾನೆ.

ಅದಕ್ಕೇ ನನ್ನ ಮೊದಲ ಕೋರಿಕೆ ದುಡ್ಡಿನದ್ದಲ್ಲ. ಪ್ರತಿ ಗಣಿತ ವಿಭಾಗದಲ್ಲಿ ಒಬ್ಬರ ಹೆಸರು ಹಚ್ಚಿ. ಕೋಣೆ ಖಾಲಿ ಮಾಡುವ ಆದೇಶಕ್ಕೆ ಅವರ ಸಹಿಯೂ ಬೇಕು ಅಂತ ಮಾಡಿ. ಮೂರು ತಿಂಗಳು ಏನನ್ನೂ ಹೊರಗೆ ಹಾಕಬಾರದು. ಆ ಮೂರು ತಿಂಗಳಲ್ಲಿ ಮನೆಯವರಿಗೆ ಒಂದು ಪತ್ರ ಬರೆಯಿರಿ, ಅವರ ಜೊತೆ ಕೆಲಸ ಮಾಡಿದ ಒಬ್ಬರನ್ನು ಕರೆದು ಕಪಾಟು ತೋರಿಸಿ. ಇನ್ನೂ ಒಳ್ಳೆಯದು, ಅವರು ಬದುಕಿದ್ದಾಗಲೇ ಕೇಳಿ. ನಿವೃತ್ತಿಯ ದಿನ ಶಾಲು ಹೊದಿಸಿ ತೆಂಗಿನಕಾಯಿ ಕೊಡುತ್ತೀರಿ. ಆ ವಾರದಲ್ಲೇ ಅವರ ಪಕ್ಕ ಕೂತು, ಯಾವ ಫೈಲ್‌ನಲ್ಲಿ ಏನಿದೆ ಅಂತ ಮೊಬೈಲ್‌ನಲ್ಲಿ ಅವರ ಮಾತು ಹಿಡಿದುಕೊಳ್ಳಿ.

ಇಡುವ ಬಗ್ಗೆ ಹೇಳಬೇಕಾದರೆ, ಇದು ನನ್ನ ಕಸುಬು, ಸ್ವಲ್ಪ ಜಾಸ್ತಿ ಹೇಳುತ್ತೇನೆ. ನೆಲಮಹಡಿ ಬೇಡ, ಟಾಯ್ಲೆಟ್ ಗೋಡೆಗೆ ತಾಗಿದ ಕೋಣೆ ಬೇಡ. ಮುಂಬಯಿಯ ನಾಲ್ಕು ತಿಂಗಳ ಮಳೆಯಲ್ಲಿ ಆ ಗೋಡೆ ಕಾಗದವನ್ನು ತಿಂದುಹಾಕುತ್ತದೆ. ಗುಂಡುಪಿನ್ನು, ಸ್ಟೇಪಲ್ ತೆಗೆಯಿರಿ. ತುಕ್ಕು ಹಿಡಿದ ಕಡೆ ಹಾಳೆ ತೂತಾಗುತ್ತದೆ. ರಬ್ಬರ್ ಬ್ಯಾಂಡ್ ಕರಗಿ ಅಂಟುತ್ತದೆ. ಆಮ್ಲ ಇಲ್ಲದ ರಟ್ಟಿನ ಪೆಟ್ಟಿಗೆ ಸಿಗುತ್ತದೆ, ಅದರಲ್ಲಿಡಿ. ಲ್ಯಾಮಿನೇಶನ್ ಮಾತ್ರ ದಯವಿಟ್ಟು ಮಾಡಿಸಬೇಡಿ. ಪ್ರೀತಿಯಿಂದ ಮಾಡಿಸುತ್ತಾರೆ, ಆಮೇಲೆ ಒಳಗಿನ ಕಾಗದವನ್ನು ಬಿಡಿಸಲು ಆಗುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಅವರು ಇಟ್ಟ ಕ್ರಮ ಕೆಡಿಸಬೇಡಿ. ಲೈಟ್ ಬಿಲ್ ಬೇರೆ, ಗಣಿತ ಬೇರೆ ಅಂತ ನಾನು ವಿಂಗಡಿಸಿದ್ದರೆ ಆ ಏಳು ಪ್ರಯತ್ನ ಯಾವ ತಿಂಗಳು ನಡೆದವು ಅಂತ ಗೊತ್ತೇ ಆಗುತ್ತಿರಲಿಲ್ಲ. ಪೆನ್ಸಿಲ್‌ನಲ್ಲಿ ನಂಬರ್ ಹಾಕಿ, ಒಂದು ಪಟ್ಟಿ ಮಾಡಿ. ಸ್ಕ್ಯಾನಿಂಗ್ ಆಮೇಲೆ ನೋಡೋಣ. ಹಾಂ, ಹಳೆಯ ಲ್ಯಾಪ್‌ಟಾಪ್ ಮತ್ತು ಫ್ಲಾಪಿ ಕೂಡ ಎಸೆಯಬೇಡಿ. ಈಗಿನವರ ರಫ್ ವರ್ಕ್ ಅದರಲ್ಲೇ ಇರುವುದು.

ಖಾಸಗಿ ಪತ್ರ ಇರುತ್ತದಲ್ಲ ಅಂತ ಒಬ್ಬರು ಕೇಳಿದರು. ಸರಿಯಾದ ಪ್ರಶ್ನೆ. ಮನೆಯವರ ಜೊತೆ ಬರಹದಲ್ಲಿ ಒಪ್ಪಂದ ಮಾಡಿಕೊಳ್ಳಿ. ಇಂತಿಂಥ ಪತ್ರ ಇಷ್ಟು ವರ್ಷ ಯಾರಿಗೂ ತೋರಿಸುವಂತಿಲ್ಲ ಅಂತ ಬರೆಸಿ, ಲಕೋಟೆ ಅಂಟಿಸಿ. ಕಾಗದ ಕೊಟ್ಟ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ, ಬರೆದುಕೊಡದ ಹೊರತು ಕಾಪಿರೈಟ್ ವಾರಸುದಾರರದ್ದೇ ಅಂತಲೂ ಅವರಿಗೆ ತಿಳಿಸಿ. ಅದು ಗೊತ್ತಾದರೆ ಎಷ್ಟೋ ಜನ ಧೈರ್ಯವಾಗಿ ಕೊಡುತ್ತಾರೆ.

ಜಾಗ ಇಲ್ಲ ಎಂಬುದು ನಿಜ. ಒಂದೊಂದು ಕಾಲೇಜೂ ಆರ್ಕೈವ್ ಕಟ್ಟಬೇಕು ಅಂತ ನಾನು ಕೇಳುವುದಿಲ್ಲ. ಎರಡೂ ವಿಶ್ವವಿದ್ಯಾಲಯಗಳು ಒಂದೊಂದು ಒಣ ಕೋಣೆ, ಒಬ್ಬ ತರಬೇತಿ ಪಡೆದ ಆರ್ಕಿವಿಸ್ಟ್ ಕೊಟ್ಟರೆ ಸುತ್ತಲಿನ ಕಾಲೇಜುಗಳ ಪೆಟ್ಟಿಗೆಗಳೆಲ್ಲ ಅಲ್ಲಿಗೆ ಬರಬಹುದು. ಇದೇ ಮಹಾರಾಷ್ಟ್ರದಲ್ಲಿ, ಚಾಳೀಸಗಾವ್ ಹತ್ತಿರದ ಪಾಟಣದಲ್ಲಿ, 1207ರ ಹೊತ್ತಿನ ಒಂದು ಶಾಸನ ಇದೆ. ಭಾಸ್ಕರಾಚಾರ್ಯರ ಮೊಮ್ಮಗ ಚಾಂಗದೇವ ತನ್ನ ಅಜ್ಜನ ಗ್ರಂಥಗಳನ್ನು ಓದಿಸಲಿಕ್ಕೆಂದು ಮಠ ಮಾಡಿದ, ಅದಕ್ಕೆ ದತ್ತಿ ಕೂಡ ಬಂತು ಅಂತ ಅದರಲ್ಲಿದೆ. ಆಗ ಯಾವ ಅನುದಾನ ಆಯೋಗ ಇತ್ತು?

ಈಗ ನಮ್ಮವರಿಗೆ ಒಂದು ಮಾತು. ಮುಂಬಯಿ ಪುಣೆಯಲ್ಲಿರುವ ಕನ್ನಡದ ಮನೆಗಳವರೇ, ನಿಮ್ಮ ಮಾಳಿಗೆಯಲ್ಲಿ ಅಪ್ಪನದೋ ಮಾವನದೋ ಗಣಿತದ ಟ್ರಂಕ್ ಇದ್ದರೆ ಫ್ಲಾಟ್ ರೀಡೆವಲಪ್‌ಮೆಂಟ್‌ಗೆ ಹೋಗುವಾಗ ಅದನ್ನು ಬಿಟ್ಟು ಹೋಗಬೇಡಿ. ನಿಮಗೆ ಅರ್ಥವಾಗದಿದ್ದರೂ ಪರವಾಗಿಲ್ಲ. ಮಹಾವೀರಾಚಾರ್ಯ ನೃಪತುಂಗನ ಕಾಲದಲ್ಲಿ ಬರೆದ ಗಣಿತಸಾರಸಂಗ್ರಹವನ್ನು ರಂಗಾಚಾರ್ಯರು 1912ರಲ್ಲಿ ಮದರಾಸಿನಲ್ಲಿ ಅಚ್ಚು ಹಾಕಿಸಿದರಲ್ಲ, ಆಗ ಅವರ ಕೈಗೆ ಬಂದ ಪ್ರತಿಗಳಲ್ಲಿ ಒಂದು ಮೂಡಬಿದಿರೆಯ ಜೈನಮಠದ ಕನ್ನಡ ಲಿಪಿಯ ಓಲೆಗರಿ. ಅದನ್ನು ತಲೆಮಾರುಗಟ್ಟಲೆ ಧೂಳು ಕೊಡವಿ ಬಟ್ಟೆ ಸುತ್ತಿ ಇಟ್ಟವರಲ್ಲಿ ಎಷ್ಟು ಜನಕ್ಕೆ ಅದರ ಲೆಕ್ಕ ಬರುತ್ತಿತ್ತೋ ಏನೋ. ಇಟ್ಟರು, ಅಷ್ಟೇ.

ಮಾನ್ಯರೇ, ನಮ್ಮ ಸರ್ ಅವರ ಎರಡು ಗೋಣಿ ಈಗ ನನ್ನ ಮನೆಯಲ್ಲಿ ಆರು ಪೆಟ್ಟಿಗೆಯಾಗಿದೆ. ಪಟ್ಟಿ ಮಾಡಿದ್ದೇನೆ, 1,140 ಹಾಳೆ. ಅವರ ಮಗಳ ಒಪ್ಪಿಗೆ ಪತ್ರ ಮೊದಲ ಪೆಟ್ಟಿಗೆಯ ಮೇಲೇ ಇದೆ. ನಮ್ಮ ಬಿಲ್ಡಿಂಗ್ ಹಳೆಯದು, ಹೋದ ಮಳೆಗಾಲದಲ್ಲಿ ಆ ಕೋಣೆಯ ಮೂಲೆ ಸೋರಿತು. ಪೆಟ್ಟಿಗೆಗಳನ್ನು ಮಂಚದ ಮೇಲೆ ಇಟ್ಟು ನಾವು ಕೆಳಗೆ ಮಲಗಿದೆವು. ಜೂನ್ ಬರುವ ಮುಂಚೆ ಇವನ್ನು ನಿಮ್ಮಲ್ಲಿ ಯಾರ ಬಾಗಿಲಿಗೆ ತರಲಿ, ತಿಳಿಸಿ. ಟೆಂಪೋ ಬಾಡಿಗೆ ನಾನೇ ಕೊಡುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಡೊಂಬಿವಲಿಯ ಒಬ್ಬ ನಿವೃತ್ತ ಲೈಬ್ರರಿ ನೌಕರಳು